ಬೆನ್ನುಹುರಿಯ ಪೆಟ್ಟು ಮತ್ತು ಮೂತ್ರಕೋಶದ ಪಾಲನೆ

ಭೋಸರಿಯ ಕಾರ್ಖಾನೆಗಳಲ್ಲಿಯೂ ಕಟ್ಟಡದ ಕೆಲಸಗಳಲ್ಲಿಯೂ ನಮ್ಮ ವಿಜಯಪುರ, ಕಲಬುರಗಿ ಸೀಮೆಯವರು ಅನೇಕರು ದುಡಿಯುತ್ತಿದ್ದಾರೆ. ಎತ್ತರದಿಂದ ಬಿದ್ದೋ, ರಸ್ತೆಯ ಅಪಘಾತದಲ್ಲಿಯೋ ಬೆನ್ನುಹುರಿಗೆ ಪೆಟ್ಟಾದಾಗ ಬಂಧುಗಳು ಕೇಳುವ ಮೊದಲ ಪ್ರಶ್ನೆ, ‘ಮತ್ತೆ ನಡೆಯುವರೇ?’ ಎಂಬುದು. ಆದರೆ ಅಂಥವರ ಆಯುಷ್ಯವು ಕಾಲುಗಳಿಗಿಂತ ಹೆಚ್ಚಾಗಿ ಮೂತ್ರಕೋಶದ ಪಾಲನೆಯನ್ನು ಅವಲಂಬಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ಹೀಗೆ ಗಾಯಗೊಂಡ ಸೈನಿಕರಲ್ಲಿ ಬಹುಮಂದಿ ಮೂತ್ರದ ಸೋಂಕಿನಿಂದಲೂ ಹಾಸಿಗೆಹುಣ್ಣಿನಿಂದಲೂ ತೀರಿಕೊಂಡರು. 1944ರಿಂದ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್‌ನಲ್ಲಿ ಡಾ. ಲುಡ್ವಿಗ್ ಗುಟ್ಮನ್ನರು ನಡೆಸಿದ ಶುಶ್ರೂಷೆಯು ಈ ಗತಿಯನ್ನು ಬದಲಿಸಿತು. ನಮ್ಮ ನೆರೆಯ ಖಡಕಿಯಲ್ಲಿ ಇಂಥ ಸೈನಿಕರಿಗೆಂದೇ ಪುನರ್ವಸತಿ ಕೇಂದ್ರವಿದೆ. 1965ರ ಯುದ್ಧದಲ್ಲಿ ಬೆನ್ನಿಗೆ ಗುಂಡು ತಗುಲಿದ ಮುರಳೀಕಾಂತ ಪೇಟ್ಕರರು 1972ರಲ್ಲಿ ಈಜಿನಲ್ಲಿ ಚಿನ್ನದ ಪದಕ ಗೆದ್ದುದನ್ನು ಇಲ್ಲಿಯವರು ಬಲ್ಲರು.

ಮೂತ್ರಕೋಶ ತುಂಬಿದ ಸುದ್ದಿಯು ಬೆನ್ನುಹುರಿಯ ಮೂಲಕ ಮಿದುಳಿಗೆ ಮುಟ್ಟಬೇಕು. ಅಪ್ಪಣೆಯೂ ಅದೇ ದಾರಿಯಲ್ಲಿ ಇಳಿಯಬೇಕು. ಪೆಟ್ಟು ಮೇಲ್ಭಾಗದಲ್ಲಿದ್ದರೆ ಮೂತ್ರಕೋಶವು ತನ್ನಷ್ಟಕ್ಕೆ ಹಿಂಡಿಕೊಳ್ಳುತ್ತದೆ. ಅದೇ ಹೊತ್ತಿಗೆ ಬಾಯಿಯ ಸ್ನಾಯುವೂ ಬಿಗಿಯುವುದರಿಂದ ಒತ್ತಡವು ಹಿಮ್ಮುಖವಾಗಿ ಮೂತ್ರಪಿಂಡಗಳಿಗೆ ಏರುತ್ತದೆ. ಕೆಳತುದಿಯಲ್ಲಿ ಪೆಟ್ಟಾದರೆ ಅದು ಸಡಿಲ ಚೀಲದಂತೆ ತುಂಬುತ್ತಲೇ ಇರುತ್ತದೆ. ಬಟ್ಟೆ ಒದ್ದೆಯಾದುದನ್ನು ಕಂಡು ಮನೆಯವರು ಮೂತ್ರ ಸರಿಯಾಗಿ ಹೋಗುತ್ತಿದೆಯೆಂದು ಸಮಾಧಾನಪಡುತ್ತಾರೆ. ಅದು ತುಂಬಿದ ಕೊಡ ತುಳುಕುವುದೇ ಹೊರತು ಬರಿದಾಗುವುದಲ್ಲ.

ಇದಕ್ಕೆ ಈಗ ಬಹುಮಟ್ಟಿಗೆ ಒಪ್ಪಿತವಾದ ಉಪಾಯವೆಂದರೆ, ನಾಲ್ಕರಿಂದ ಆರು ಗಂಟೆಗೊಮ್ಮೆ ತೆಳುವಾದ ಕ್ಯಾಥೆಟರ್ ನಳಿಕೆಯನ್ನು ಒಳಗೆ ಸೇರಿಸಿ, ಮೂತ್ರವನ್ನು ಪೂರ್ತಿ ಬಸಿದು, ನಳಿಕೆಯನ್ನು ಹೊರತೆಗೆಯುವುದು. ಸೋಪಿನಿಂದ ಚೆನ್ನಾಗಿ ತೊಳೆದ ಕೈ ಮತ್ತು ಶುದ್ಧವಾದ ನಳಿಕೆ ಇದ್ದರೆ ಮನೆಯಲ್ಲಿಯೇ ಸಾಧ್ಯವೆಂದು ಅಮೆರಿಕದ ಡಾ. ಜ್ಯಾಕ್ ಲ್ಯಾಪಿಡಿಸರು 1972ರಲ್ಲಿ ತೋರಿಸಿಕೊಟ್ಟರು. ಕೈಗಳಲ್ಲಿ ಶಕ್ತಿಯಿದ್ದವರು ದಾದಿಯಿಂದ ಕಲಿತು ತಾವೇ ಮಾಡಿಕೊಳ್ಳಬಹುದು. ಒಂದೇ ಕೋಣೆಯ ಚಾಳಿನ ಮನೆಯಲ್ಲಿ ಒಂದು ಪರದೆ ಸಾಕು, ಸಂಕೋಚ ಬೇಡ.

ನಾನು ವೈದ್ಯನಲ್ಲ, ಲೆಕ್ಕಪತ್ರದವನು. ಆದುದರಿಂದ ಒಂದು ನೋಟುಪುಸ್ತಕವಿಡಿರೆಂದು ಹೇಳುವ ಸಲುಗೆ ವಹಿಸುತ್ತೇನೆ: ಕುಡಿದ ನೀರು ಜಮೆಗೆ, ಬಸಿದ ಮೂತ್ರ ಖರ್ಚಿಗೆ, ಎದುರಿಗೆ ವೇಳೆ. ಒಮ್ಮೆಗೆ 500 ಮಿಲಿಲೀಟರಿಗಿಂತ ಹೆಚ್ಚು ಬರುತ್ತಿದ್ದರೆ ಅಂತರ ದೀರ್ಘವಾಯಿತೆಂದು ತಿಳಿಯಬೇಕು. ಈ ಪುಸ್ತಕವನ್ನು ಕಂಡ ವೈದ್ಯರು ಔಷಧಿಯ ಪ್ರಮಾಣವನ್ನೂ ಸುಲಭವಾಗಿ ನಿಶ್ಚಯಿಸಬಲ್ಲರು.

ಜ್ವರ, ಚಳಿ, ಕೆಟ್ಟ ವಾಸನೆ, ಕಾಲುಗಳ ಸೆಳೆತ ಹೆಚ್ಚಾಗುವುದು ಇವು ಸೋಂಕಿನ ಸೂಚನೆಗಳು. ಎದೆಯ ಮಟ್ಟದಲ್ಲಿಯೋ ಅದಕ್ಕಿಂತ ಮೇಲೆಯೋ ಪೆಟ್ಟಾದವರಿಗೆ ಹಠಾತ್ತಾಗಿ ತಲೆ ಸಿಡಿದು, ಮುಖ ಬೆವರಿ, ರಕ್ತದೊತ್ತಡ ಏರಿದರೆ ಕೂಡಲೇ ಅವರನ್ನು ನೆಟ್ಟಗೆ ಕೂರಿಸಿ ಮೂತ್ರ ಕಟ್ಟಿದೆಯೇ, ನಳಿಕೆ ಮಡಿಚಿದೆಯೇ ನೋಡಿರಿ. ಇಳಿಯದಿದ್ದರೆ ಆಸ್ಪತ್ರೆಗೆ ಧಾವಿಸಿರಿ, ಇದು ಪ್ರಾಣಾಪಾಯ. ತೊಂದರೆಯಿಲ್ಲದಿದ್ದರೂ ವರುಷಕ್ಕೊಮ್ಮೆ ಮೂತ್ರಪಿಂಡಗಳ ಸೋನೋಗ್ರಫಿ ಮಾಡಿಸತಕ್ಕದ್ದು.

ಊರಿನ ಜಾತ್ರೆಗೆಂದು ರಾತ್ರಿಯ ಬಸ್ಸು ಹತ್ತುವಾಗ ಹಲವರು ಮಧ್ಯಾಹ್ನದಿಂದಲೇ ನೀರು ಬಿಡುತ್ತಾರೆ. ಹಾಗೆ ಬಿಡುವುದರಿಂದ ಮೂತ್ರ ಗಟ್ಟಿಯಾಗಿ ಸೋಂಕಿಗೂ ಕಲ್ಲಿಗೂ ದಾರಿಯಾಗುತ್ತದೆ. ನಾಲ್ಕು ನಳಿಕೆ, ಒಂದು ಸೋಪು, ಬಾಯಿ ಮುಚ್ಚುವ ಡಬ್ಬಿಗಳನ್ನು ಚೀಲದಲ್ಲಿಟ್ಟುಕೊಂಡು, ಬಸ್ಸು ಎಲ್ಲಿ ನಿಲ್ಲುವುದೆಂದು ಚಾಲಕನನ್ನು ಮೊದಲೇ ಕೇಳಿಟ್ಟುಕೊಳ್ಳಿರಿ.