ಸಾಲದಲ್ಲಿ ಸೋತ ಮೇಲೆ ಮತ್ತೆ ಕ್ರೆಡಿಟ್ ಕಾರ್ಡ್: ಒಂಬತ್ತು ಸೂತ್ರಗಳು

ವ್ಯಾಪಾರ ನೆಲಕಚ್ಚಿತು, ಕೆಲಸ ಹೋಯಿತು, ಆಸ್ಪತ್ರೆ ಖರ್ಚು ಕೈಮೀರಿತು. ಕಾರಣ ಏನೇ ಇರಲಿ, ಕಂತು ಕಟ್ಟಲಾಗದೆ ಕೈಚೆಲ್ಲಿದವರಿಗೆ ಬ್ಯಾಂಕಿನ ಬಾಗಿಲು ಇನ್ನು ತೆರೆಯುವುದೇ ಇಲ್ಲ ಅನಿಸುತ್ತದೆ. ನಮ್ಮಲ್ಲಿ ಸಾಮಾನ್ಯರು ಕೋರ್ಟಿಗೆ ಹೋಗಿ ದಿವಾಳಿ ಘೋಷಿಸಿಕೊಳ್ಳುವುದು ವಿರಳ. ಹೆಚ್ಚಿನವರ ಸಾಲದ ಕಥೆ ಮುಗಿಯುವುದು ಬ್ಯಾಂಕಿನ ಜೊತೆಗಿನ ಸೆಟಲ್‌ಮೆಂಟ್‌ನಲ್ಲಿ, ಇಲ್ಲವೇ ಕ್ರೆಡಿಟ್ ವರದಿಯಲ್ಲಿ ಉಳಿಯುವ ‘ರಿಟನ್ ಆಫ್’ (ವಸೂಲಾಗದೆಂದು ಬ್ಯಾಂಕು ಲೆಕ್ಕದಿಂದ ತೆಗೆದದ್ದು) ಎಂಬ ಷರಾದಲ್ಲಿ. ಅಲ್ಲಿಂದಲೂ ಎದ್ದು ಬರಬಹುದು. ಹೊಸ ಕಾರ್ಡು ಖರ್ಚು ಮಾಡುವುದಕ್ಕಲ್ಲ, ನೀವು ಹೇಳಿದ ದಿನಕ್ಕೆ ಹಣ ಕಟ್ಟುವವರು ಎಂಬುದಕ್ಕೆ ಸಾಕ್ಷಿ ಕೂಡಿಸುವುದಕ್ಕೆ. ಇದೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

1. ಮೊದಲು ವರದಿ ತರಿಸಿಕೊಳ್ಳಿ
ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಸಾಲದ ಚರಿತ್ರೆ ದಾಖಲಿಸುವ ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ಕ್ರೆಡಿಟ್ ವರದಿಯನ್ನು ಉಚಿತವಾಗಿ ಕೊಡಲೇಬೇಕು. 300ರಿಂದ 900ರ ನಡುವಿನ ಸ್ಕೋರ್ ನೋಡಿ ಮುಚ್ಚಿಡಬೇಡಿ. ಒಂದೊಂದು ಖಾತೆಯ ಮುಂದೆ ಏನು ಬರೆದಿದೆ, ಬಾಕಿ ಎಷ್ಟು ತೋರಿಸುತ್ತಿದೆ ಎಂದು ಸಾಲುಸಾಲಾಗಿ ಓದಿ. ನಿಮ್ಮ ವರದಿಯನ್ನು ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ.

2. ತಪ್ಪು ಕಂಡರೆ ಬಿಡಬೇಡಿ
ತೀರಿಸಿದ ಸಾಲ ಬಾಕಿ ಎಂದೇ ಇರಬಹುದು, ಬೇರೆಯವರ ಸಾಲ ನಿಮ್ಮ ಹೆಸರಿಗೆ ಸೇರಿರಬಹುದು. ವರದಿ ಕೊಟ್ಟ ಸಂಸ್ಥೆಗೂ ಸಾಲ ಕೊಟ್ಟ ಬ್ಯಾಂಕಿಗೂ ಲಿಖಿತ ದೂರು ಕೊಡಿ. ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕ್ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅದಕ್ಕೂ ಜಗ್ಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ.

3. ‘ಸೆಟಲ್ಡ್’ ಅನ್ನು ‘ಕ್ಲೋಸ್ಡ್’ ಮಾಡಿಸಿ
ಮೂರು ಲಕ್ಷದ ಬಾಕಿಗೆ ಒಂದೂವರೆ ಲಕ್ಷ ಕಟ್ಟಿ ಮುಗಿಸಿದರೆ ವಸೂಲಿಯವರ ಕಾಟ ತಪ್ಪುತ್ತದೆ. ಆದರೆ ವರದಿಯಲ್ಲಿ ಬೀಳುವ ಷರಾ ‘ಸೆಟಲ್ಡ್’. ಪೂರ್ತಿ ಕಟ್ಟಲಿಲ್ಲ ಎಂದೇ ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಕೈಯಲ್ಲಿ ಹಣ ಓಡಾಡತೊಡಗಿದಾಗ ಅದೇ ಬ್ಯಾಂಕಿಗೆ ಹೋಗಿ, ಉಳಿದದ್ದನ್ನು ಕಟ್ಟಿದರೆ ‘ಕ್ಲೋಸ್ಡ್’ ಎಂದು ವರದಿ ಮಾಡುತ್ತೀರಾ ಎಂದು ಕೇಳಿ. ಒಪ್ಪಿದರೆ ಮೊದಲು ಬರವಣಿಗೆಯಲ್ಲಿ ಪಡೆಯಿರಿ, ಆಮೇಲೆ ಕಟ್ಟಿ, ನೋ ಡ್ಯೂಸ್ ಪತ್ರವನ್ನು ಜೋಪಾನವಾಗಿಡಿ.

4. ಕಂಡಕಂಡಲ್ಲಿ ಅರ್ಜಿ ಹಾಕಬೇಡಿ
ನೀವು ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕು ನಿಮ್ಮ ವರದಿ ತೆಗೆಸುತ್ತದೆ, ಆ ವಿಚಾರಣೆಯೂ ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಐದಾರು ಅರ್ಜಿ ಕಂಡರೆ ಇವರಿಗೆ ಹಣದ ತೀವ್ರ ಅಡಚಣೆ ಇದೆ ಎಂದು ಎಲ್ಲರೂ ಹಿಂದೆ ಸರಿಯುತ್ತಾರೆ. ಇನ್ನೊಂದು ಮಾತು: ರಾಜಿಯಲ್ಲಿ ಮುಗಿದ ಕೃಷಿಯೇತರ ಸಾಲಕ್ಕೆ ಕನಿಷ್ಠ 12 ತಿಂಗಳ ಅಂತರವಿಟ್ಟೇ ಆ ಬ್ಯಾಂಕು ಮತ್ತೆ ಸಾಲ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಹೇಳಿದೆ. ಆ ಅವಧಿಯಲ್ಲಿ ಅದೇ ಬ್ಯಾಂಕಿಗೆ ಅಲೆದು ಫಲವಿಲ್ಲ.

5. ಎಫ್‌ಡಿ ಇಟ್ಟು ಕಾರ್ಡ್ ಪಡೆಯಿರಿ
ಎಲ್ಲಕ್ಕಿಂತ ಭದ್ರವಾದ ದಾರಿ ಇದು. ಬ್ಯಾಂಕಿನಲ್ಲಿ ಎಫ್‌ಡಿ (ನಿಶ್ಚಿತ ಠೇವಣಿ) ಇಡಿ, ಅದನ್ನೇ ಭದ್ರತೆಯಾಗಿ ತೋರಿಸಿ ಕಾರ್ಡ್ ಕೇಳಿ. ಹಣ ಬ್ಯಾಂಕಿನ ಕೈಯಲ್ಲೇ ಇರುವುದರಿಂದ ಸ್ಕೋರ್ ಕೆಟ್ಟಿದ್ದರೂ ಕಾರ್ಡ್ ಸಿಗುವ ಸಾಧ್ಯತೆ ಹೆಚ್ಚು. 20,000 ರೂಪಾಯಿ ಇಟ್ಟು, ಅದರ ಶೇ 80ರಷ್ಟು ಲಿಮಿಟ್ ಕೊಟ್ಟರೆ ನಿಮಗೆ 16,000 ಸಿಗುತ್ತದೆ. ಠೇವಣಿಗೆ ಬಡ್ಡಿಯೂ ಬರುತ್ತಿರುತ್ತದೆ. ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಿ: ವಾರ್ಷಿಕ ಶುಲ್ಕ ಎಷ್ಟು? ಪಾವತಿಯ ವಿವರ ಸಿಬಿಲ್ ಮುಂತಾದ ಸಂಸ್ಥೆಗಳಿಗೆ ಹೋಗುತ್ತದೆಯೇ? ಕಾರ್ಡ್ ಮುಚ್ಚಿದರೆ ಎಫ್‌ಡಿ ಎಷ್ಟು ದಿನದಲ್ಲಿ ಬಿಡುಗಡೆಯಾಗುತ್ತದೆ? ಈ ಎಫ್‌ಡಿಗೆ ಸಾಲದ ಹಣ ತರಬೇಡಿ, ಉಳಿತಾಯದ ಹಣವೇ ಇರಲಿ.

6. ಹೇಗಿದ್ದರೂ ಮಾಡುವ ಖರ್ಚಿಗಷ್ಟೇ ಬಳಸಿ
ಕರೆಂಟ್ ಬಿಲ್, ಮೊಬೈಲ್ ರೀಚಾರ್ಜ್, ತಿಂಗಳ ದಿನಸಿ ಇಷ್ಟು ಸಾಕು. ಲಿಮಿಟ್‌ನ ಶೇ 30 ದಾಟದಂತೆ ನೋಡಿಕೊಳ್ಳಿ. 16,000ದ ಲಿಮಿಟ್‌ಗೆ 4,800. ಕಾರ್ಡಿನಲ್ಲಿ ಖರ್ಚು ಮಾಡಿದ ದಿನವೇ ಅಷ್ಟು ಹಣವನ್ನು ಬೇರೆ ತೆಗೆದಿಟ್ಟರೆ ಬಿಲ್ ಬಂದಾಗ ತಡಕಾಡಬೇಕಿಲ್ಲ.

7. ಬಿಲ್ ಪೂರ್ತಿ ಕಟ್ಟಿ
‘ಮಿನಿಮಮ್ ಡ್ಯೂ’ (ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಂಬ ಚಿಕ್ಕ ಅಂಕಿ ಹಲವರನ್ನು ಮುಳುಗಿಸಿದೆ. ಅಷ್ಟನ್ನೇ ಕಟ್ಟಿದರೆ ಉಳಿದ ಬಾಕಿಗೆ ಬಡ್ಡಿ ಬೀಳುತ್ತದೆ; ತಿಂಗಳಿಗೆ ಶೇ 3.5 ಎಂದರೆ ವರ್ಷಕ್ಕೆ ಶೇ 42ರ ಬಡ್ಡಿ. 10,000 ಬಾಕಿ ಉಳಿಸಿಕೊಂಡರೆ ತಿಂಗಳಿಗೆ 350 ರೂಪಾಯಿ, ಮೇಲೆ ಜಿಎಸ್‌ಟಿ. ಪೂರ್ತಿ ಮೊತ್ತಕ್ಕೆ ಆಟೋ ಡೆಬಿಟ್ ಹಾಕಿಸಿ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆಯಲೇಬೇಡಿ, ಅದಕ್ಕೆ ತೆಗೆದ ದಿನದಿಂದಲೇ ಬಡ್ಡಿ.

8. ಜಾಮೀನಿಗೂ ದಲ್ಲಾಳಿಗೂ ‘ಇಲ್ಲ’ ಅನ್ನಿ
ನೆಂಟರ ಸಾಲಕ್ಕೆ ಜಾಮೀನು ಹಾಕಿ ಅವರು ಕಂತು ತಪ್ಪಿಸಿದರೆ ಪೆಟ್ಟು ನಿಮ್ಮ ವರದಿಗೂ ಬೀಳುತ್ತದೆ. ನೀವಿನ್ನೂ ಎದ್ದು ನಿಲ್ಲುತ್ತಿರುವಾಗ ನಯವಾಗಿ, ಆದರೆ ಖಚಿತವಾಗಿ ನಿರಾಕರಿಸಿ. ಹಣ ಕೊಟ್ಟರೆ ವಾರದಲ್ಲಿ ಸಿಬಿಲ್ ಕ್ಲೀನ್ ಮಾಡಿಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ನಿಜವಾದ ದಾಖಲೆಯನ್ನು ಅಳಿಸುವ ಅಧಿಕಾರ ಅವರಿಗಿಲ್ಲ. ತಪ್ಪು ದಾಖಲೆಯನ್ನು ನೀವೇ ಖರ್ಚಿಲ್ಲದೆ ಸರಿಪಡಿಸಿಕೊಳ್ಳಬಹುದು. ಅವರಿಗೆ ಪ್ಯಾನ್, ಆಧಾರ್, ಒಟಿಪಿ ಕೊಟ್ಟರೆ ಹೊಸ ಸಾಲವೇ ನಿಮ್ಮ ತಲೆಗೆ ಸುತ್ತಿಕೊಳ್ಳಬಹುದು.

9. ಒಂದು ವರ್ಷ ತಾಳ್ಮೆಯಿಂದ ನಡೆಯಿರಿ
2025ರ ಜನವರಿಯಿಂದ ಬ್ಯಾಂಕುಗಳು ಸಿಬಿಲ್ ಮುಂತಾದ ಸಂಸ್ಥೆಗಳಿಗೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ಸಲ ವಿವರ ಕಳಿಸಬೇಕಾಗಿರುವುದರಿಂದ ಒಳ್ಳೆಯ ಪಾವತಿಯೂ ಬೇಗ ದಾಖಲಾಗುತ್ತದೆ. ಆದರೂ ಎರಡು ಬಿಲ್ ಕಟ್ಟಿದ ಮಾತ್ರಕ್ಕೆ ಸ್ಕೋರ್ ಜಿಗಿಯುವುದಿಲ್ಲ. ಹನ್ನೆರಡು ಬಿಲ್‌ಗಳನ್ನು ಒಂದೂ ತಪ್ಪದೆ ಪೂರ್ತಿ ಕಟ್ಟಿ, ಮತ್ತೆ ವರದಿ ತೆಗೆಸಿ. ಆಮೇಲೆ ಠೇವಣಿಯಿಲ್ಲದ ಕಾರ್ಡಿಗೆ ಒಂದೇ ಒಂದು ಅರ್ಜಿ ಹಾಕಿ. ಹೊಸದು ಸಿಕ್ಕಿತೆಂದು ಹಳೆಯದನ್ನು ಅವಸರದಿಂದ ಮುಚ್ಚಬೇಡಿ, ನಿಮ್ಮ ಹೊಸ ಚರಿತ್ರೆ ಬೆಳೆದಿರುವುದು ಅದರಲ್ಲೇ.

ಸಾಲ ತೀರಿಸಲಾಗದ ಕಾಲ ಯಾರಿಗಾದರೂ ಬರಬಹುದು, ಅದರಿಂದ ಯಾರ ಮಾನವೂ ಹೋಗುವುದಿಲ್ಲ. ನಾಚಿಕೊಂಡು ವರದಿಯನ್ನೇ ನೋಡದೆ ವರ್ಷಗಳನ್ನು ಕಳೆಯುವುದೇ ನಿಜವಾದ ನಷ್ಟ. ಮೊದಲ ಸೂತ್ರಕ್ಕೆ ಹಣ ಬೇಕಿಲ್ಲ, ಯಾರ ಒಪ್ಪಿಗೆಯೂ ಬೇಕಿಲ್ಲ. ಅದನ್ನು ಇವತ್ತೇ ಶುರು ಮಾಡಿ.