ಊರಿನ ಆರೋಗ್ಯವನ್ನು ಅಳೆಯುವುದು ಹೇಗೆ?



ಹಿರಿಯೂರು ಸೀಮೆಯ ಶೇಂಗಾ ಹೊಲಗಳಲ್ಲಿ ಬೆಳೆ ಕಟಾವು ಪ್ರಯೋಗ ನಡೆಯುವುದನ್ನು ನೀವು ಕಂಡಿದ್ದೀರಿ. ಐದು ಮೀಟರ್ ಉದ್ದಗಲದ ತಾಕನ್ನು ಗುರುತು ಮಾಡಿ, ಗಿಡ ಕಿತ್ತು, ಕಾಯಿ ಬಿಡಿಸಿ ತೂಗುತ್ತಾರೆ. ಮುಖ್ಯ ಬೆಳೆಯಾದರೆ ಒಂದು ಪಂಚಾಯಿತಿಗೆ ಕನಿಷ್ಠ ನಾಲ್ಕು ತಾಕು. ಆ ತೂಕದ ಮೇಲೆ ನಿಮ್ಮ ವಿಮೆಯ ಹಣ ನಿಂತಿರುತ್ತದೆ. ಅಂದು ಬದುವಿನ ಮೇಲೆ ನಿಂತವರೆಲ್ಲರ ಕಣ್ಣು ತಕ್ಕಡಿಯ ಮೇಲೆಯೇ. ಅಂಗನವಾಡಿಯಲ್ಲಿ ಮಕ್ಕಳನ್ನು ತೂಗುವ ದಿನ ಎಷ್ಟು ಮಂದಿ ತಂದೆಯರು ಹೋಗಿ ನೋಡಿದ್ದೀರಿ? ಆ ತೂಕವೂ ಊರಿನ ಲೆಕ್ಕವೇ.

ಸಮುದಾಯ ಅಭಿವೃದ್ಧಿ ಯೋಜನೆಯು ೧೯೫೨ರ ಅಕ್ಟೋಬರ್ ೨ರಂದು ಆರಂಭವಾಯಿತು. ಅಂದಿನಿಂದ ಬಾವಿ ಎಷ್ಟು, ಗೊಬ್ಬರದ ಗುಂಡಿ ಎಷ್ಟು ಎಂದು ಎಣಿಸುವುದು ರೂಢಿಗೆ ಬಂತು. ಗುಂಡಿ ಎಣಿಸುವುದು ಸುಲಭ. ಅದರ ಗೊಬ್ಬರ ಹೊಲಕ್ಕೆ ಬಿತ್ತೇ ಎಂದು ನೋಡುವುದು ಕಷ್ಟ. ಆರೋಗ್ಯದ ಲೆಕ್ಕದಲ್ಲಿಯೂ ಇದೇ ತೊಡಕು.

ಈಗ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯವು ಒಂಬತ್ತು ವಿಷಯಗಳಲ್ಲಿ ಪ್ರತಿ ಗ್ರಾಮ ಪಂಚಾಯಿತಿಗೆ ಅಂಕ ಕೊಡುತ್ತದೆ. ಆರೋಗ್ಯ, ಮಕ್ಕಳ ಪಾಲನೆ, ನೀರು, ಸಾಮಾಜಿಕ ಭದ್ರತೆ ಇವು ಅದರಲ್ಲಿ ಸೇರಿವೆ. ನೂರಕ್ಕೆ ತೊಂಬತ್ತು ಬಂದರೆ ಮೊದಲ ದರ್ಜೆ. ೨೦೨೨-೨೩ನೇ ಸಾಲಿನ ಲೆಕ್ಕ ೨೦೨೫ರಲ್ಲಿ ಪ್ರಕಟವಾದಾಗ, ದೇಶದ ಎರಡು ಲಕ್ಷಕ್ಕೂ ಮಿಕ್ಕ ಪಂಚಾಯಿತಿಗಳಲ್ಲಿ ಒಂದೂ ಆ ದರ್ಜೆಯಲ್ಲಿರಲಿಲ್ಲ. ಆದುದರಿಂದ ಅಂಕ ಕಡಿಮೆಯಾಯಿತೆಂದು ನಾಚಬೇಕಾಗಿಲ್ಲ. ಬರೆದುಕೊಟ್ಟ ಲೆಕ್ಕ ನಿಜವೇ ಎಂಬುದನ್ನು ಮಾತ್ರ ನೀವೇ ನೋಡಬೇಕು.

ನಮ್ಮ ಜಿಲ್ಲೆಯ ನೀರನ್ನೇ ತೆಗೆದುಕೊಳ್ಳೋಣ. ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಒಂದು ಲೀಟರಿಗೆ ೧ ಮಿಲಿಗ್ರಾಂ ಇದ್ದರೆ ಒಳ್ಳೆಯದು. ಬೇರೆ ನೀರು ಸಿಗದಿದ್ದರೆ ೧.೫ರವರೆಗೆ ಸಹಿಸಬಹುದು. ಕಾಯಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕ ಸ್ಥಾಪನೆಯಾಯಿತೆಂದು ಪುಸ್ತಕದಲ್ಲಿ ಬರೆದರೆ ಸಾಲದು. ಅದು ಈ ವಾರ ಎಷ್ಟು ದಿನ ನಡೆಯಿತು, ಎಷ್ಟು ಮನೆಯವರು ಕೊಡ ಹಿಡಿದರು ಎಂಬುದು ಲೆಕ್ಕ. ಅದಕ್ಕಿಂತ ಗಟ್ಟಿಯಾದ ಲೆಕ್ಕ ಶಾಲೆಯಲ್ಲಿದೆ. ಆರರಿಂದ ಹನ್ನೊಂದು ವರ್ಷದ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳು ಆ ಮಕ್ಕಳು ಎಳೆತನದಲ್ಲಿ, ಹಲ್ಲು ಬಲಿಯುವ ಕಾಲದಲ್ಲಿ ಕುಡಿದ ನೀರನ್ನು ತೋರಿಸುತ್ತವೆ. ಹೊಳಲ್ಕೆರೆಯ ಅಡಿಕೆ ತೋಟದವರಿಗೆ ಹೇಳಬೇಕಾಗಿಲ್ಲ, ಇಂದು ನೆಟ್ಟ ಸಸಿಯ ಫಲ ಇಂದೇ ಕಾಣದು. ಈ ವರ್ಷ ನೀರು ಸರಿಯಾದರೆ ಹಲ್ಲಿನಲ್ಲಿ ಅದು ಕಾಣಲು ಕೆಲವು ವರ್ಷ ಬೇಕು. ಅಷ್ಟರವರೆಗೆ ವರ್ಷವರ್ಷವೂ ನೋಡಿ ಬರೆದಿಡುವವರು ಇರಬೇಕು.

ಎರಡನೆಯದು ಸರಾಸರಿಯ ಮಾತು. ಒಂದು ಪಂಚಾಯಿತಿಯಲ್ಲಿ ೨೦೦ ಮಕ್ಕಳಿದ್ದು, ೧೮೦ ಮಕ್ಕಳ ತೂಕ ಸರಿಯಿದೆ ಎಂದುಕೊಳ್ಳಿ. ಶೇಕಡ ೯೦, ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಉಳಿದ ೨೦ರಲ್ಲಿ ೧೫ ಮಕ್ಕಳು ಒಂದೇ ಹಟ್ಟಿಯವರಾಗಿದ್ದರೆ? ತಾಂಡಾದಿಂದ ಕಾಫಿ ಸೀಮೆಗೆ ಕೂಲಿಗೆ ಹೋದವರ ಮಕ್ಕಳನ್ನು ತೂಗಿಯೇ ಇಲ್ಲದಿದ್ದರೆ? ತೂಗದ ಮಗುವನ್ನು ಲೆಕ್ಕದಿಂದ ಬಿಟ್ಟರೆ ಶೇಕಡ ಏರುತ್ತದೆ, ಮಗುವಿನ ತೂಕ ಏರುವುದಿಲ್ಲ. ಹಟ್ಟಿ, ತಾಂಡಾ, ಕಾಲೋನಿಗಳ ಲೆಕ್ಕವನ್ನು ಬೇರೆ ಬೇರೆಯಾಗಿ ಕೇಳತಕ್ಕದ್ದು. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ ೧೧.೫ ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆ. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಿರಿ.

ಹೆರಿಗೆಯ ಲೆಕ್ಕವೂ ಹೀಗೆಯೇ. ನೆರೆಯ ತುಮಕೂರಿನ ಬಳಿಯ ಒಂದು ಗೊಲ್ಲರಹಟ್ಟಿಯಲ್ಲಿ ೨೦೨೩ರ ಜುಲೈನಲ್ಲಿ, ಸೂತಕವೆಂದು ಊರ ಹೊರಗಿನ ಗುಡಿಸಿಲಿನಲ್ಲಿರಿಸಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಿತು. ಹೆರಿಗೆ ಆಗಿದ್ದುದು ಆಸ್ಪತ್ರೆಯಲ್ಲಿಯೇ. ‘ಆಸ್ಪತ್ರೆ ಹೆರಿಗೆ’ ಎಂಬ ಕಾಲಂ ತುಂಬಿತ್ತು, ತೊಟ್ಟಿಲು ಬರಿದಾಯಿತು. ಹಿರಿಯೂರು, ಹೊಸದುರ್ಗದ ಹಟ್ಟಿಗಳ ಯಜಮಾನರು ಈ ಮಾತನ್ನು ದೂರೆಂದು ತಿಳಿಯದೆ ಯೋಚಿಸಬೇಕು. ಹೆರಿಗೆಯಾದ ಮೇಲೆ ೪೨ ದಿನಗಳಲ್ಲಿ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕೆಂದಿದೆ: ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನ. ಬಾಣಂತಿ ಮನೆಯೊಳಗಿದ್ದಳೇ, ಆರು ಭೇಟಿಯೂ ನಡೆಯಿತೇ ಎಂಬುದೇ ಅಲ್ಲಿ ಅಳತೆಗೋಲು.

ಇನ್ನು ವೃದ್ಧರು, ವಿಧವೆಯರು, ಅಂಗವಿಕಲರ ಮಾಸಾಶನ. ಮಂಜೂರಾದ ಅರ್ಜಿಗಳ ಸಂಖ್ಯೆ ಹೇಳಿದರೆ ಸಾಲದು. ಹೋದ ತಿಂಗಳು ಎಷ್ಟು ಮಂದಿಯ ಕೈಗೆ ಹಣ ಬಂತು? ಬ್ಯಾಂಕಿನ ಖಾತೆಗೆ ಆಧಾರ್ ಜೋಡಣೆಯಾಗದೆ ನಿಂತುಹೋದ ಅಜ್ಜಿಯರನ್ನು ಹುಡುಕುವುದು ಓದು ಬಲ್ಲ ಹುಡುಗರಿಗೆ ಒಂದು ಭಾನುವಾರದ ಕೆಲಸ.

ಜನನ ಮರಣಗಳನ್ನು ೨೧ ದಿನಗಳೊಳಗೆ ಬರೆಸುವುದು ನಿಮ್ಮ ಪಾಲಿನದು. ಸತ್ತ ಕೂಸನ್ನು ಬರೆಸದೆ ಬಿಟ್ಟರೆ, ಊರಿನಲ್ಲಿ ಶಿಶುಮರಣವೇ ಇಲ್ಲವೆಂದು ಕಾಗದ ಹೇಳುತ್ತದೆ. ಅಂಥ ಊರಿಗೆ ಹೆಚ್ಚಿನ ನೆರವು ಬೇಕೆಂದು ಯಾರಿಗೂ ತೋರುವುದಿಲ್ಲ.

ಗ್ರಾಮಸಭೆ ವರ್ಷಕ್ಕೆ ಎರಡು ಸಲವಾದರೂ ಸೇರುತ್ತದೆ. ಮುಂದಿನ ಸಭೆಗೆ ಹೋಗುವಾಗ ಹೆಂಗಸರನ್ನೂ ಕರೆದುಕೊಂಡು ಹೋಗಿರಿ; ಜಲಜೀವನ್ ಯೋಜನೆಯಲ್ಲಿ ನೀರು ಪರೀಕ್ಷೆ ಕಲಿತವರು ಅವರಲ್ಲಿಯೇ ಇರಬಹುದು. ರಸ್ತೆ, ಚರಂಡಿಯ ಮಾತಿಗೆ ಮೊದಲು ಈ ಲೆಕ್ಕಗಳನ್ನು ಹಟ್ಟಿವಾರು ಓದಿಸಿರಿ. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಪುಟದ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿರಿ. ಆರು ತಿಂಗಳ ಮೇಲೆ ಅದೇ ಪುಟವನ್ನು ತೆಗೆಸಿ, ಹೊಸ ಲೆಕ್ಕವನ್ನು ಅದರ ಪಕ್ಕದಲ್ಲಿಟ್ಟು ನೋಡಬಹುದು.