ಉರಿಬಿಸಿಲಲ್ಲಿ ಬೀಳುವ ಮಂಜುಗಡ್ಡೆ

ಪ್ರಶ್ನೆ: ಟೊರಾಂಟೊದಲ್ಲಿರುವ ಮಗಳು ಚಳಿಗಾಲವಿಡೀ ಬಾಗಿಲ ಮುಂದಿನ ಹಿಮ ಬಾಚಿ ಹಾಕಿ, ಉಪ್ಪು ಚೆಲ್ಲುತ್ತಾಳಂತೆ. ನಮ್ಮಲ್ಲಿ ಡಿಸೆಂಬರಿನ ಚಳಿಗೆ ಹನಿ ನೀರೂ ಹೆಪ್ಪುಗಟ್ಟುವುದಿಲ್ಲ. ಆದರೆ ಏಪ್ರಿಲ್ ಸೆಕೆಯಲ್ಲಿ ಅಂಗಳದ ತುಂಬ ಆಲಿಕಲ್ಲು! ಹೀಗೇಕೆ? ಮನೆಯ ಮಟ್ಟಿಗೆ ಏನು ಎಚ್ಚರ ಬೇಕು?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ನಮ್ಮ ಮಂಜುಗಡ್ಡೆ ಹುಟ್ಟುವುದು ನೆಲದ ಚಳಿಯಿಂದಲ್ಲ, ನೆಲದ ಕಾವಿನಿಂದ. ಕೊಪ್ಪಳದಲ್ಲಿ 40 ಡಿಗ್ರಿ ಬಿಸಿಲಿರುವ ದಿನವೂ ಸುಮಾರು 5 ಕಿಲೋಮೀಟರ್ ಮೇಲೆ ಉಷ್ಣಾಂಶ ಶೂನ್ಯಕ್ಕೆ ಇಳಿದಿರುತ್ತದೆ. ಡಿಸೆಂಬರಿನಲ್ಲೂ ಮೇಲೆ ಚಳಿ ಇದ್ದೇ ಇದೆ. ಆದರೆ ಆಗ ಬೀಸುವುದು ಒಣಗಾಳಿ, ಅಷ್ಟೆತ್ತರಕ್ಕೆ ನೀರು ಹೊತ್ತೊಯ್ಯುವ ಮೋಡವಿಲ್ಲ.

ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ ಯಲಬುರ್ಗಾ, ಕುಷ್ಟಗಿಯ ಎರೆಹೊಲಗಳು ಕಾದು ಬಿರಿದಿರುತ್ತವೆ. ಅವುಗಳ ಮೇಲಿನ ಬಿಸಿಗಾಳಿ ಸಮುದ್ರದ ಕಡೆಯಿಂದ ಬಂದ ತೇವದೊಂದಿಗೆ ಮೇಲೇರಿ, ಸಂಜೆಯೊಳಗೆ ಹತ್ತು ಕಿಲೋಮೀಟರಿಗೂ ಮಿಕ್ಕಿ ಎತ್ತರದ ಮೋಡವಾಗುತ್ತದೆ. ಗಾಳಿಯ ರಭಸಕ್ಕೆ ಹನಿಗಳು ಶೂನ್ಯದ ಗೆರೆ ದಾಟುತ್ತವೆ. ಅಲ್ಲಿ ಅವು ತಟ್ಟನೆ ಗಡ್ಡೆಯಾಗದೆ ಹನಿಯಾಗಿಯೇ ಉಳಿದು, ಹಿಮದ ಕಣ ತಾಗಿದ ಕೂಡಲೇ ಅದಕ್ಕಂಟಿ ಹೆಪ್ಪಾಗುತ್ತವೆ. ಗಾಳಿ ಹೊರಲಾರದಷ್ಟು ತೂಕವಾದಾಗ ಕಲ್ಲು ಕೆಳಗುರುಳುತ್ತದೆ. ಸಣ್ಣವು ದಾರಿಯಲ್ಲೇ ಕರಗಿ ಮಳೆಯಾಗುತ್ತವೆ, ದೊಡ್ಡವಷ್ಟೇ ನಿಮ್ಮ ಅಂಗಳ ತಲುಪುತ್ತವೆ. ಒಂದನ್ನು ಸೀಳಿ ನೋಡಿ: ಬಿಳಿ ಪದರ ಗಾಳಿಗುಳ್ಳೆ ಸಮೇತ ಥಟ್ಟನೆ ಹೆಪ್ಪಾದದ್ದು, ತಿಳಿಯಾದ ಪದರ ನಿಧಾನಕ್ಕೆ ಹೆಪ್ಪಾದದ್ದು. ಮುಂಗಾರಿನ ಮೋಡದಲ್ಲಿ ನೀರು ಧಾರಾಳ, ಆದರೆ ಮೇಲೆತ್ತುವ ಗಾಳಿಗೆ ಇಷ್ಟು ಬಲವಿಲ್ಲ. ಹಾಗಾಗಿ ಜುಲೈಯಲ್ಲಿ ಆಲಿಕಲ್ಲು ಅಪರೂಪ.

ಮಗಳು ಚೆಲ್ಲುವ ಉಪ್ಪು, ನೀರನ್ನು ಶೂನ್ಯಕ್ಕಿಂತ ಕೆಳಗೂ ಹೆಪ್ಪುಗಟ್ಟದಂತೆ ತಡೆಯುತ್ತದೆ. ನಮಗದು ಬೇಡ, ಬಿಸಿ ನೆಲವೇ ಕರಗಿಸುತ್ತದೆ. ನಮ್ಮ ತೊಂದರೆ ಬೇರೆ. ಮಾಳಿಗೆಯ ನೀರು ಹೋಗುವ ಕಿಂಡಿಗೆ ಕಲ್ಲು, ಎಲೆ ಸೇರಿ ಅಡ್ಡಗಟ್ಟಿದರೆ ನೀರು ಮೇಲೆಯೇ ನಿಂತು ಮಣ್ಣಿನ ಮಾಳಿಗೆ ಸೋರುತ್ತದೆ. ಯುಗಾದಿಗೆ ಮೊದಲೇ ಕಿಂಡಿ ತೆಗೆಸಿ, ಬೆಳಕಿಂಡಿಯ ಗಾಜು ಭದ್ರಪಡಿಸಿ. ಸಿಮೆಂಟ್ ಶೀಟು ಒಡೆದಿದೆಯೇ ಎಂದು ನೋಡಲು ಮಳೆ ನಿಂತೊಡನೆ ಅದರ ಮೇಲೆ ಹತ್ತಬೇಡಿ: ಜಾರುತ್ತದೆ, ಬಿರುಕು ಬಿಟ್ಟಿದ್ದರೆ ಮುರಿಯುತ್ತದೆ.

ಕಲ್ಲು ಬೀಳುವಾಗ ಮಕ್ಕಳನ್ನು, ದನಗಳನ್ನು ಒಳಗೆ ಸೇರಿಸಿ. ಸಿಡಿಲೂ ಜೊತೆಗಿರುವುದರಿಂದ ಮರದಡಿ ನಿಲ್ಲಬೇಡಿ. ಉತ್ತರ ಪ್ರದೇಶದ ಮೊರಾದಾಬಾದ್ ಬಳಿ 1888ರ ಏಪ್ರಿಲ್ 30ರಂದು ಆಲಿಕಲ್ಲಿಗೆ 246 ಜನ ಸತ್ತದ್ದು ವಿಶ್ವ ಹವಾಮಾನ ಸಂಸ್ಥೆಯ ದಾಖಲೆಯಲ್ಲಿದೆ.

ಮನೆಗಿಂತ ಹೊಲಕ್ಕೇ ಪೆಟ್ಟು ಜಾಸ್ತಿ. ಗಂಗಾವತಿಯಲ್ಲಿ ಕಟಾವಿಗೆ ಬಂದ ಬೇಸಿಗೆ ಭತ್ತ ಉದುರುತ್ತದೆ. ನಿಮ್ಮ ಕಡೆಯ ದಾಳಿಂಬೆ, ಮಾವಿಗೆ ಬಿದ್ದ ಗಾಯದಲ್ಲಿ ಕೊಳೆ ಹತ್ತುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಬಿದ್ದರೆ 72 ಗಂಟೆಯೊಳಗೆ ವಿಮಾ ಕಂಪನಿಗೋ ಬ್ಯಾಂಕಿಗೋ ಕೃಷಿ ಇಲಾಖೆಗೋ ತಿಳಿಸಬೇಕು. ತೋಟದ ಬೆಳೆಗಳ ಹವಾಮಾನ ಆಧಾರಿತ ವಿಮೆ ಬೇರೆ. ಅದರಲ್ಲಿ ಆಲಿಕಲ್ಲಿನ ರಕ್ಷಣೆ ಸೇರಿದೆಯೇ ಎಂದು ಕಂತು ಕಟ್ಟುವಾಗಲೇ ಕೇಳಿ ತಿಳಿಯಿರಿ.